ಐದು ತಾಲೂಕಿನ ಕಂಪ್ಯೂಟರು ಮಸ್ಕತ್ತಿಗೆ ಹೊರಟದ್ದು

ಆ ಭಾನುವಾರ ಬೆಳಿಗ್ಗೆ ಕೊಟ್ಟೂರಿನ ನಮ್ಮ ಮನೆಯ ಪಡಸಾಲೆಯಲ್ಲಿ ನಾಲ್ಕು ಜನ ಸೇರಿದ್ದೆವು. ಕಂಬಕ್ಕೆ ಒರಗಿ ಮೊರದಲ್ಲಿ ತೊಗರಿಬೇಳೆ ಆರಿಸುತ್ತಿದ್ದ ಅವ್ವ. ಮಸ್ಕತ್ತಿನ ಆಸ್ಪತ್ರೆಯಿಂದ ನೌಕರಿ ಪತ್ರ ಬಂದ ದಿನದಿಂದ ಸಾಮಾನಿನ ಪಟ್ಟಿ ಬರೆಯುವುದು ಬಿಟ್ಟು ಬೇರೆ ಏನೂ ಮಾಡದ ನನ್ನ ಹೆಂಡತಿ, ನರ್ಸ್ ಶಶಿಕಲಾ. ದಲಾಲಿ ಅಂಗಡಿಯೊಂದರಲ್ಲಿ ಇಪ್ಪತ್ತೈದು ವರ್ಷದಿಂದ ಕಾಳುಕಡಿ ತೂಗುತ್ತಿರುವ ಎದುರು ಮನೆಯ ಹಾಲಪ್ಪ, ನನ್ನ ಬಾಲ್ಯದ ಗೆಳೆಯ. ಆಮೇಲೆ ನಾನು, ಕೊಟ್ರೇಶಿ. ನಮ್ಮೆಲ್ಲರ ನಡುವೆ ಚಾಪೆಯ ಮೇಲೆ, ಹಣೆಗೆ ವಿಭೂತಿ ಬಳಿಸಿಕೊಂಡು, ನನ್ನ ಕಂಪ್ಯೂಟರು ಕೂತಿತ್ತು.

ಮಂಗಳವಾರ ಸಂಜೆ ಬೆಂಗಳೂರಿನಿಂದ ನಮ್ಮ ವಿಮಾನ. ಹೆಂಡತಿಗೆ ಮಸ್ಕತ್ತಿನಲ್ಲಿ ನೌಕರಿ. ನನಗೆ ಅವಳ ಗಂಡ ಎಂಬ ಹುದ್ದೆ. ವೀಸಾದ ಕಾಗದದಲ್ಲಿಯೂ ಅದನ್ನೇ ಬರೆದಿದ್ದರು. ಆದರೆ ನಾನು ಹೆಂಡತಿ ದುಡಿದದ್ದನ್ನು ಕೂತು ಉಣ್ಣುವ ಪೈಕಿಯಲ್ಲ! ಹದಿನಾಲ್ಕು ವರ್ಷ ಬಜಾರಿನಲ್ಲಿ ಲಗ್ನಪತ್ರಿಕೆ ಮಾಡಿಕೊಡುವ ಅಂಗಡಿ ನಡೆಸಿದವನು. ಅಂಗಡಿ ಮುಚ್ಚಿದ ದಿನ ಬಾಗಿಲಿಗೆ ಒಂದು ಪ್ರಕಟಣೆ ಅಂಟಿಸಿದ್ದೆ: ‘ಮಹಾಜನರ ಗಮನಕ್ಕೆ. ಇನ್ನು ಮುಂದೆ ಪತ್ರಿಕೆಗಳು ಮಸ್ಕತ್ತಿನಿಂದಲೇ ಸಿದ್ಧವಾಗಿ ಬರುವವು.’ ಓದಿದವರು ಮೂಗಿನ ಮೇಲೆ ಬೆರಳಿಟ್ಟುಕೊಂಡಿದ್ದರು. ಆ ಬೆರಳು ಅಲ್ಲಿಂದ ಇಳಿಯಬಾರದು ಎಂಬುದು ನನ್ನ ಆಸೆ.

ನಮ್ಮ ಕಡೆ ಲಗ್ನಪತ್ರಿಕೆ ಎಂದರೆ ಹುಡುಗ ಹುಡುಗಿಯ ಹೆಸರು, ಮುಹೂರ್ತ, ಊಟದ ಜಾಗ, ಇಷ್ಟಕ್ಕೇ ಮುಗಿಯುವುದಿಲ್ಲ. ಅವು ನೆಪಕ್ಕೆ. ಅಸಲಿ ವಿಷಯ ಕೆಳಗಿರುತ್ತದೆ: ‘ತಮ್ಮ ಸುಖಾಗಮನ ಬಯಸುವವರು’. ಅಲ್ಲಿ ಐವತ್ತು ಅರವತ್ತು ಹೆಸರು. ಹಿರಿಯರದು ಮೇಲೆ, ಕಿರಿಯರದು ಕೆಳಗೆ. ತೀರಿಕೊಂಡವರ ಹೆಸರಿನ ಹಿಂದೆ ‘ಲಿಂಗೈಕ್ಯ’. ಮಾತು ಬಿಟ್ಟವರನ್ನು ಒಂದೇ ಸಾಲಿನಲ್ಲಿ ಕೂರಿಸುವ ಹಾಗಿಲ್ಲ. ತಮ್ಮನ ಹೆಸರು ಅಣ್ಣನದರ ಮೇಲೆ ಹತ್ತಿ ಕೂತರೆ ಪಂಚಾಯಿತಿ. ಒಂದು ಹೆಸರು ಬಿಟ್ಟರಂತೂ ಮುಗಿಯಿತು!

ಹನ್ನೊಂದು ವರ್ಷದ ಹಿಂದೆ ಹಾಲಪ್ಪನ ತಮ್ಮನ ಮದುವೆಯಲ್ಲಿ ಹೀಗೇ ಆಗಿತ್ತು. ಹಾಲಪ್ಪನ ಸೋದರಮಾವ, ಗುಡೇಕೋಟೆಯ ವೀರಣ್ಣನ ಹೆಸರು ಬಿಟ್ಟು ಹೋಗಿತ್ತು. ವೀರಣ್ಣ ಮಾವ ಹಂದರದ ತನಕ ಬಂದು, ಪತ್ರಿಕೆಯನ್ನು ಮೇಲಿಂದ ಕೆಳಗೆ ಎರಡು ಸಲ ಓದಿ, ಮಡಚಿ ಜೇಬಿನಲ್ಲಿಟ್ಟುಕೊಂಡು, ಉಣ್ಣದೇ ಬಸ್ಸು ಹತ್ತಿದರು. ಅಂದಿನಿಂದ ಹಾಲಪ್ಪನ ಮನೆಯ ಹೊಸ್ತಿಲು ತುಳಿದಿಲ್ಲ. ಆ ಪತ್ರಿಕೆ ಮಾಡಿದ ಮಹಾನುಭಾವ ಯಾರೆಂದು ಬೇರೆ ಹೇಳಬೇಕಾಗಿಲ್ಲ.

ಆ ಪಾಪದ ಪ್ರಾಯಶ್ಚಿತ್ತವಾಗಿ ನಾನು ಕಂಪ್ಯೂಟರಿನಲ್ಲಿ ಬಳಗದ ಖಾನೇಶುಮಾರಿ ಶುರು ಮಾಡಿದೆ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ಐದೂ ತಾಲೂಕಿನಲ್ಲಿ ನನ್ನ ಹತ್ತಿರ ಬಂದ ಮನೆತನಗಳಲ್ಲಿ ಯಾರಿಗೆ ಯಾರು ಏನಾಗಬೇಕು, ಯಾರು ಇದ್ದಾರೆ, ಯಾರು ಇಲ್ಲ, ಯಾರು ಇದ್ದೂ ಇಲ್ಲದ ಹಾಗೆ ಇದ್ದಾರೆ, ಎಲ್ಲವೂ ಅದರೊಳಗೆ. ಈಗ ಹಾಲಪ್ಪನ ಮಗಳು ಪುಷ್ಪಾಳ ಲಗ್ನ ನಿಶ್ಚಯವಾಗಿತ್ತು. ಗಂಡಿನವರು ಹರಪನಹಳ್ಳಿ ಕಡೆಯವರು. ಅವರ ಕಡೆಯ ಹೆಸರುಗಳು ಬರಲು ಇನ್ನೂ ಒಂದು ವಾರ ಬೇಕಿತ್ತು.

“ಲೇ ಕೊಟ್ರೇಶಿ, ಈ ಸಲ ಒಂದು ಹೆಸರು ಹೆಚ್ಚುಕಮ್ಮಿ ಆತಂದ್ರ ನನ್ನ ಮಗಳ ಅಕ್ಷತಿಗೆ ನನ್ನ ಸೋದರಮಾವ ಇರಂಗಿಲ್ಲ ನೋಡು,” ಎಂದ ಹಾಲಪ್ಪ. “ವೀರಣ್ಣ ಮಾವಗ ಎಂಬತ್ತರ ಹತ್ರ ವಯಸ್ಸು. ಇದು ತಪ್ಪಿದ್ರ ಮತ್ತೊಂದು ಲಗ್ನ ಎಲ್ಲೈತಿ?”

“ಹಾಲಪ್ಪಾ,” ಎಂದೆ ನಾನು ಗಂಭೀರವಾಗಿ, “ಈ ಯಂತ್ರ ಮಸ್ಕತ್ತಿಗೆ ಮುಟ್ಟಿದ ಎಂಟನೇ ದಿನಕ್ಕ ನಿನ್ನ ಮಗಳ ಪತ್ರಿಕಿ ನಿನ್ನ ಕೈಯಾಗ ಇರ್ತೈತಿ. ಇದು ಮಾತು.”

“ರೀ, ಯಂತ್ರ ಯಾಕ ಹೊರಬೇಕ್ರಿ?” ಎಂದಳು ಶಶಿಕಲಾ, ಪಟ್ಟಿಯಿಂದ ತಲೆ ಎತ್ತದೆ. “ಹೆಸರೆಲ್ಲಾ ಒಂದು ಪೆನ್‌ಡ್ರೈವಿಗೆ ಹಾಕ್ಕೊಂಡ್ರ ಆಗಂಗಿಲ್ಲೇನು?”

ಪೆನ್‌ಡ್ರೈವಿನ ಮೇಲೆ ನನಗೆ ನಂಬಿಕೆ ಇಲ್ಲ. ಒಮ್ಮೆ ನನ್ನ ಪೈಜಾಮದ ಜೇಬಿನಲ್ಲಿದ್ದ ಪೆನ್‌ಡ್ರೈವನ್ನು ಅವ್ವ ಪೈಜಾಮದ ಸಮೇತ ಒಗೆದು, ಹಿಂಡಿ, ಒಣಹಾಕಿದ್ದಳು. ಇಪ್ಪತ್ತು ಮನೆಯ ಗೃಹಪ್ರವೇಶ ನೊರೆಯಲ್ಲಿ ಹೋಗಿತ್ತು. ಮೇಲಾಗಿ ನನ್ನ ಹಳೆಯ ಕನ್ನಡ ಅಕ್ಷರಗಳು ಈ ಯಂತ್ರ ಬಿಟ್ಟು ಬೇರೆಲ್ಲೂ ಮೂಡುವುದಿಲ್ಲ. ಕುಂಕುಮದ ಬಣ್ಣ ಕುಂಕುಮದ ಹಾಗೆ ಕಾಣುವುದು ಈ ದಪ್ಪ ಬೆನ್ನಿನ ಹಳೆಯ ಮಾನಿಟರಿನಲ್ಲಿ ಮಾತ್ರ. ಆದ್ದರಿಂದ ಇಡೀ ಸಂಸಾರ, ಅಂದರೆ ಡಬ್ಬಿ, ಮಾನಿಟರು, ಕೀಲಿಮಣೆ, ಮೌಸು, ಎಲ್ಲವೂ ವಿಮಾನ ಹತ್ತತಕ್ಕದ್ದು ಎಂದು ತೀರ್ಪು ಕೊಟ್ಟೆ.

“ಒಬ್ಬೊಬ್ಬರಿಗೆ ಮೂವತ್ತು ಕಿಲೋ,” ಎಂದಳು ಅವಳು. “ನಂದ್ರಾಗ ನಿಮಗ ಒಂದು ಗ್ರಾಮೂ ಕೊಡಂಗಿಲ್ಲ. ಈಗ್ಲೇ ಹೇಳೀನಿ.”

ಪ್ಯಾಕಿಂಗ್ ಶುರುವಾಯಿತು. ಮೊದಲು ನಾನು ಬುದ್ಧಿವಂತಿಕೆಯ ಒಂದು ಕೆಲಸ ಮಾಡಿದೆ. ಡಬ್ಬಿ ಬಿಚ್ಚಿ ಹಾರ್ಡ್ ಡಿಸ್ಕ್ ಹೊರತೆಗೆದೆ. ಎಲ್ಲ ಹೆಸರುಗಳೂ ಇರುವುದು ಅಂಗೈಯಗಲದ ಆ ತುಂಡಿನಲ್ಲೇ. ಡಬ್ಬಿ ಎತ್ತಿ ಒಗೆದರೆ ಅದಕ್ಕೆ ಪೆಟ್ಟಾದೀತು. ಅದನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಮಾನಿಟರಿಗೆ ಹೊದಿಸಲು ತಂದಿದ್ದ ಅವ್ವನ ಕೌದಿಯ ಒಳಮಡಿಕೆಯಲ್ಲಿಟ್ಟು, ನಾಲ್ಕು ಹೊಲಿಗೆ ಹಾಕಿದೆ. ಹಳೆಯ ಸೀರೆಗಳನ್ನು ಪದರಪದರವಾಗಿ ಹೊಲಿದ ಮೂರು ಕಿಲೋದ ಕೌದಿ ಅದು. ಅದರೊಳಗೆ ಮೊಟ್ಟೆ ಇಟ್ಟು ಆನೆ ನಡೆಸಿದರೂ ಒಡೆಯಲಿಕ್ಕಿಲ್ಲ. ಈ ಉಪಾಯವನ್ನು ಯಾರಿಗೂ ಹೇಳಲಿಲ್ಲ. ಮಸ್ಕತ್ತಿನಲ್ಲಿ ಎಲ್ಲರೆದುರು ಕೌದಿ ಬಿಚ್ಚಿ ತೆಗೆದಾಗ ಹೆಂಡತಿ ಬೆರಗಾಗಬೇಕು ಎಂಬ ಆಸೆ.

ಇನ್ನು ಸುತ್ತಲಿನ ಸಂದಿ ತುಂಬಲು ಥರ್ಮಾಕೋಲ್ ಬೇಕು. ಅಣ್ಣನ ಮಕ್ಕಳು ನಮ್ಮ ಮನೆಯ ಥರ್ಮಾಕೋಲನ್ನೆಲ್ಲ ಗಣಪತಿ ಮಂಟಪಕ್ಕೆ ಕತ್ತರಿಸಿ ಮುಗಿಸಿದ್ದರು.

“ಮಂಡಕ್ಕಿ ಹಾಕಲೇ,” ಎಂದ ಹಾಲಪ್ಪ.

ನಾನು ಅವನನ್ನೇ ನೋಡಿದೆ. ಎಂಥ ಮಾತು! ಮಂಡಕ್ಕಿಗಿಂತ ಹಗುರ ವಸ್ತು ಭೂಮಿಯ ಮೇಲೆ ಯಾವುದಿದೆ? ಮೆತ್ತಗೂ ಇದೆ, ಸಂದಿಗೊಂದಿಗೂ ಇಳಿಯುತ್ತದೆ. ಇಷ್ಟು ಶತಮಾನ ಅದನ್ನು ಬರೀ ತಿಂದೇ ಹಾಳು ಮಾಡಿದೆವಲ್ಲ ಎಂದು ವ್ಯಥೆಯಾಯಿತು. ಮಂಡಕ್ಕಿ ಹುರಿಯುವ ಭಟ್ಟಿಯಿಂದ ಒಂದು ದೊಡ್ಡ ಚೀಲ ಬಂತು. ಸುರಿದೆವು. ಕಂಪ್ಯೂಟರು ಕುತ್ತಿಗೆತನಕ ಮಂಡಕ್ಕಿಯಲ್ಲಿ ಮುಳುಗಿತು.

“ಒಂದೀಟು ಒಗ್ಗರಣಿ ಹಾಕಿಬಿಡ್ರಿ, ದಾರಿಗೆ ಆಕ್ಕತಿ,” ಎಂದಳು ಶಶಿಕಲಾ.

ಬಾಕ್ಸನ್ನು ಕೈಗಾಡಿಯಲ್ಲಿ ಹಾಲಪ್ಪನ ಅಂಗಡಿಗೆ ಒಯ್ದೆವು. ಅವನು ಕಾಟಾದ ಮೇಲೆ ಇಡಿಸಿ, ‘ಒಂದು’ ಎನ್ನದೆ ‘ಲಾಭಾ’ ಎಂದು ಶಾಸ್ತ್ರೋಕ್ತವಾಗಿ ಕೂಗಿ, ಚೀಟಿಯ ಮೇಲೆ ಬರೆದುಕೊಟ್ಟ: ಇಪ್ಪತ್ತೊಂಬತ್ತೂವರೆ. ಕಾಟಾ ಎಷ್ಟು ತೋರಿಸುತ್ತಿದೆ ಎಂದು ನಾನು ನೋಡಲಿಲ್ಲ. ಆಗ ನಾನು ಹಮಾಲರಿಗೆ ಸಮುದ್ರದ ಮೇಲೆ ವಿಮಾನ ಹೇಗೆ ಹಾರುತ್ತದೆ ಎಂದು ತಿಳಿಸಿಕೊಡುತ್ತಿದ್ದೆ. ನಾನೂ ಅಲ್ಲಿಯತನಕ ವಿಮಾನ ಹತ್ತಿದವನಲ್ಲ.

ಅರ್ಧ ಕಿಲೋ ಉಳಿಯಿತಲ್ಲ ಎಂದು, ಹಗ್ಗ ಬಿಗಿಯುವ ನೆಪದಲ್ಲಿ ನನ್ನ ಹದಿನಾಲ್ಕು ವರ್ಷದ ಮಾದರಿ ಪತ್ರಿಕೆಗಳ ಆಲ್ಬಮನ್ನು ಬದಿಗೆ ತೂರಿಸಿದೆ. ಬರೀ ಕಾಗದ, ಎಷ್ಟು ತೂಗೀತು?

ಅಷ್ಟರಲ್ಲಿ ಅವ್ವನಿಗೆ ವಾರ ನೆನಪಾಯಿತು.

“ಮಂಗಳವಾರ ಮನಿ ಬಿಡ್ತೀರೇನು? ಯಪ್ಪಾ, ಬ್ಯಾಡ! ವಿಮಾನದಾವ್ರಿಗೆ ಹೇಳು, ಬುಧವಾರ ಬಿಡು ಅನ್ನು.”

“ಅವ್ವಾ, ಅದೇನು ನಮ್ಮೂರ ಬಸ್ಸಲ್ಲ.”

“ಹಂಗಾರ ಇವತ್ತ ಪ್ರಸ್ಥಾನ ಇಟ್ಟುಬಿಡು.”

ಒಳ್ಳೆಯ ದಿನದಲ್ಲಿ ಪ್ರಯಾಣದ ಒಂದು ಗಂಟನ್ನು ಬೇರೆಯವರ ಮನೆಯಲ್ಲಿ ಇಟ್ಟು ಬಂದರೆ, ಹೊರಟ ಲೆಕ್ಕ ಅಂದೇ ಆಗಿಹೋಗುತ್ತದೆ; ಆಮೇಲೆ ನಾವು ಯಾವ ದಿನ ಹೋದರೂ ದೋಷವಿಲ್ಲ. ಇದು ಹಿರಿಯರು ಕಂಡುಕೊಂಡ ದಾರಿ. ಯಾವ ಗಂಟು ಇಡಬೇಕು? ಶಶಿಕಲಾ ತನ್ನ ಸೂಟ್‌ಕೇಸುಗಳ ಮೇಲೆ ಕೂತುಬಿಟ್ಟಳು. ಹೀಗಾಗಿ ಕಂಪ್ಯೂಟರು ನಮ್ಮೆಲ್ಲರಿಗಿಂತ ಎರಡು ದಿನ ಮೊದಲೇ ವಿದೇಶಕ್ಕೆ ಹೊರಟು, ಎದುರಿಗಿನ ಹಾಲಪ್ಪನ ಮನೆ ಮುಟ್ಟಿತು.

ಮಂಗಳವಾರ ನಸುಕಿನಲ್ಲಿ ಬಾಡಿಗೆ ಕಾರು ಬಂತು. ಹಾಲಪ್ಪ ಬಾಕ್ಸನ್ನು ತಂದಾಗ ಹಗ್ಗ ಮೊದಲಿಗಿಂತ ಬಿಗಿಯಾಗಿತ್ತು. ಎತ್ತಿ ಡಿಕ್ಕಿಗೆ ಹಾಕುವಾಗ ನನ್ನ ಸೊಂಟ ‘ಕಳಕ್’ ಎಂದಿತು. ಪ್ರಸ್ಥಾನ ಇಟ್ಟದ್ದರಿಂದ ಗಂಟಿಗೆ ಒಂದು ತೂಕ ಬಂದಿದೆ ಎಂದುಕೊಂಡೆ.

ಕೂಡ್ಲಿಗಿ ದಾಟಿ ಹೆದ್ದಾರಿ ಹಿಡಿದು, ಚಿತ್ರದುರ್ಗದಲ್ಲಿ ಇಡ್ಲಿ ತಿಂದು, ಮಧ್ಯಾಹ್ನದ ಹೊತ್ತಿಗೆ ವಿಮಾನ ನಿಲ್ದಾಣ ತಲುಪಿದೆವು. ಕಳಿಸಲು ಬಂದ ಹಾಲಪ್ಪನನ್ನು ಟಿಕೆಟ್ ಇಲ್ಲವೆಂದು ಬಾಗಿಲಲ್ಲೇ ನಿಲ್ಲಿಸಿದರು. ಅವನು ಅಲ್ಲೇ ಒಂದು ಕಂಬದ ಬಳಿ ನಿಂತು, ವಿಮಾನ ಮೇಲೆ ಏಳುವತನಕ ಕದಲುವುದಿಲ್ಲ ಎಂದ.

ಕೌಂಟರಿನ ಹುಡುಗಿ ನಗುತ್ತಾ ಬಾಕ್ಸನ್ನು ತೂಕಕ್ಕೆ ಇಡಿಸಿದಳು. ನಗು ನಿಂತಿತು.

“ಸರ್, ಮೂವತ್ತೆಂಟೂವರೆ ಕೆ.ಜಿ. ಇದೆ.”

“ಸಾಧ್ಯವಿಲ್ಲ ಮೇಡಂ. ನಿಮ್ಮ ಕಾಟಾ ನೋಡ್ಕೊಳ್ರಿ. ಇದನ್ನ ನಮ್ಮ ಹಾಲಪ್ಪ ತೂಗ್ಯಾನ.”

“ಯಾರು ಸರ್ ಹಾಲಪ್ಪ?”

ಏನೆಂದು ಹೇಳಲಿ! ಫೋನ್ ಮಾಡಿದೆ. ಎಲ್ಲರಿಗೂ ಸತ್ಯ ಗೊತ್ತಾಗಲಿ ಎಂದು ಸ್ಪೀಕರ್ ಹಾಕಿದೆ. ಅದು ಆ ದಿನದ ಇನ್ನೊಂದು ತಪ್ಪು.

“ಲೇ ಹಾಲಪ್ಪ, ಭಾನುವಾರ ಎಷ್ಟು ತೂಗಿತ್ತಲೇ?”

“ಇಪ್ಪತ್ತೊಂಬತ್ತೂವರಿ. ಚೀಟಿ ಕೊಟ್ಟೀನಲ್ಲ.”

“ಕಾಟಾ ಎಷ್ಟು ತೋರಿಸ್ತು?”

“ಕಾಟಾ ಮೂವತ್ತೊಂದೂವರಿ ತೋರಿಸ್ತು. ಸೂಟು ಕಳದು ಬರದೆ.”

ಸೂಟು ಎಂದರೆ ಕಾಳಿನ ಚೀಲ ತೂಗುವಾಗ ಚೀಲದ ತೂಕ, ಧೂಳು, ತೇವ ಎಂದು ಇಷ್ಟಿಷ್ಟು ಕಳೆದು ಬರೆಯುವ ಹಳೆಯ ರೂಢಿ. ಹಾಲಪ್ಪನ ಕೈ ಇಪ್ಪತ್ತೈದು ವರ್ಷದ ಅಭ್ಯಾಸದಿಂದ ತಾನಾಗಿಯೇ ಕಳೆದಿತ್ತು. ಬಾಕ್ಸಿಗೆ ಒಂದು ಕಿಲೋ, ಕಂಪ್ಯೂಟರಿನ ಧೂಳಿಗೆ ಅರ್ಧ, ತೇವಕ್ಕೆ ಅರ್ಧ!

“ಕಂಪ್ಯೂಟರಿಗೆ ತೇವ ಎಲ್ಲಿಂದ ಬಂತಲೇ?”

“ವಿಭೂತಿ ಹಚ್ಚಿದ್ಯಲ್ಲ, ಹಸಿ ಇತ್ತು.”

“ಆತು, ಎರಡು ಕಿಲೋ ನಿಂದು. ಉಳಿದ ಏಳು ಕಿಲೋ?”

ಫೋನಿನಲ್ಲಿ ಹಾಲಪ್ಪ ಒಮ್ಮೆ ಕೆಮ್ಮಿದ. ಆಮೇಲೆ ಸಣ್ಣ ದನಿ.

“ಸೋಮವಾರ ನಮ್ಮ ಮ್ಯಾಕಿ ಬಾಕ್ಸಿಗೆ ಬಾಯಿ ಹಾಕಿತ್ತು ನೋಡು. ಮಂಡಕ್ಕಿ ಅರ್ಧಕ್ಕರ್ಧ ತಿಂದಿತ್ತು. ನಿನಗ ಹೇಳಿದ್ರ ಬೇಜಾರ ಮಾಡ್ಕೊಂತಿ ಅಂತ… ಸಂದ್ಯಾಗ ಒಂದೀಟು ಶೇಂಗಾ ತುಂಬಿದೆ.”

“ಒಂದೀಟಂದ್ರ?”

“ನಾಕು ಕಿಲೋ. ಕಾಯಿ ಚಲೋ ಅದಾವಲೇ, ಮನಿಯಾವು.”

ನಮ್ಮ ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಶಶಿಕಲಾ ಮಾತ್ರ ನಗಲಿಲ್ಲ. ಅವಳು ನರ್ಸು. ಲೆಕ್ಕ ತಪ್ಪುವುದಿಲ್ಲ.

“ಎರಡು, ನಾಕು, ಆರಾತು. ಇನ್ನ ಮೂರು ಕಿಲೋ ಯಾರದ್ರಿ?” ಎಂದು ನನ್ನ ಮುಖ ನೋಡಿದಳು.

ನಾನು ವಿಮಾನ ನಿಲ್ದಾಣದ ಚಾವಣಿಯ ವಾಸ್ತುಶಿಲ್ಪವನ್ನು ಗಮನಿಸತೊಡಗಿದೆ.

ಬಾಕ್ಸು ಬಿಚ್ಚದೆ ಗತಿ ಇರಲಿಲ್ಲ. ಹಗ್ಗ ಕತ್ತರಿಸಿದ್ದೇ ತಡ, ಹಾಲಪ್ಪ ಬಿಗಿದ ಬಿಗಿಗೆ ಒಳಗೆ ಉಸಿರು ಹಿಡಿದಿದ್ದ ಮಂಡಕ್ಕಿ ‘ಭರ್ರ್’ ಎಂದು ಹೊರಬಿತ್ತು. ಕನ್ನಡಿಯಂಥ ನೆಲ. ಮಂಡಕ್ಕಿಗೆ ಅಂಥ ನೆಲ ಎಂದೂ ಸಿಕ್ಕಿರಲಿಲ್ಲ. ಅದು ಓಡಿತು! ಹಿಂದೆ ಶೇಂಗಾ ಉರುಳಿತು. ಗಾಲಿಪೆಟ್ಟಿಗೆಯ ಗಾಲಿಗಳ ಕೆಳಗೆ ಚಟಪಟ ಎಂದು ಸಿಪ್ಪೆ ಒಡೆಯಿತು.

“ಸರ್, ಒಳಗೆ ಕಂಪ್ಯೂಟರ್ ಇದೆ ಅಂದ್ರಲ್ಲ?” ಎಂದಳು ಕೌಂಟರಿನ ಹುಡುಗಿ.

“ಐತ್ರಿ, ತಳಕ್ಕ ಐತಿ.”

ಸಾಲಿನಲ್ಲಿದ್ದ ರಾಯಚೂರಿನ ಅಜ್ಜಿಯೊಬ್ಬಳು ಮಗಳ ಬಾಣಂತನಕ್ಕೆ ಹೊರಟಿದ್ದಳು. ಬಗ್ಗಿ ನಾಲ್ಕು ಶೇಂಗಾ ಆರಿಸಿ, ಸುಲಿದು ಬಾಯಿಗೆ ಹಾಕಿಕೊಂಡು, “ಕಾಯಿ ಖರೇನ ಚಲೋ ಅದಾವು,” ಎಂದು ಸರ್ಟಿಫಿಕೇಟು ಕೊಟ್ಟಳು. ಫೋನ್ ಇನ್ನೂ ಚಾಲೂ ಇತ್ತು. “ಹೇಳಿಲ್ಲೇನಲೇ ನಾನು!” ಎಂದ ಹಾಲಪ್ಪ.

ಶೇಂಗಾ ತೆಗೆದೆವು. ಆಲ್ಬಮೂ ಹೊರಬಂತು, ಶಶಿಕಲಾ ಅದನ್ನು ಎರಡು ಬೆರಳಿನಲ್ಲಿ ಎತ್ತಿ ನನ್ನ ಕೈಗೆ ಕೊಟ್ಟಳು. ಅವಳು ನೋಡಿದ ನೋಟ ಮೂರು ಕಿಲೋಗಿಂತ ಭಾರವಾಗಿತ್ತು. ಮತ್ತೆ ತೂಗಿದರೆ ಮೂವತ್ತೊಂದೂವರೆ.

“ಇನ್ನೂ ಒಂದೂವರೆ ಕಡಿಮೆ ಮಾಡಿ ಸರ್. ಬೇಗ, ಹಿಂದೆ ಜನ ಕಾಯ್ತಿದ್ದಾರೆ.”

“ಈ ಕೌದಿ ತಗೀರಿ,” ಎಂದಳು ಶಶಿಕಲಾ. “ಇದೇ ಮೂರು ಕಿಲೋ ಐತಿ. ಮಸ್ಕತ್ತಿನ್ಯಾಗ ಬೆಂಕಿ ಬಿಸಲು, ಕೌದಿ ಹೊತ್ಕೊಂಡು ಏನು ಮಾಡ್ತೀರಿ?”

ಹಿಂದೆ ಜನ ಗೊಣಗುತ್ತಿದ್ದರು. ನನ್ನ ಮೈಯೆಲ್ಲಾ ಬೆವರು. ಕೌದಿ ಎಳೆದೆ. ತೂಕ ಇಪ್ಪತ್ತೆಂಟೂವರೆಗೆ ಇಳಿಯಿತು. ಕೂಡಲೇ ಶಶಿಕಲಾ, “ಒಂದೂವರಿ ಜಾಗ ಉಳೀತಲ್ಲ,” ಎಂದು ತನ್ನ ಚೀಲದಿಂದ ಗುರೆಳ್ಳು ಚಟ್ನಿಪುಡಿಯ ಎರಡು ಪೊಟ್ಟಣ ತೆಗೆದು ಮಾನಿಟರಿನ ಬೆನ್ನಿಗೆ ಕೂರಿಸಿದಳು. ನೆಲದ ಮಂಡಕ್ಕಿಯನ್ನು ಕಸಗುಡಿಸುವವರು ಒಯ್ದರು; ಉಳಿದದ್ದರಲ್ಲೇ ಕಂಪ್ಯೂಟರು ಮತ್ತೆ ಮಲಗಿತು.

ಕೌದಿ, ಆಲ್ಬಮು, ಶೇಂಗಾ ಮೂರನ್ನೂ ಹೊತ್ತು ನಾನೇ ಬಾಗಿಲ ತನಕ ಓಡಿದೆ. ಕಾವಲಿನವನ ಕೈಕಾಲು ಹಿಡಿದು, ಅವನ ಮೂಲಕ ಹಾಲಪ್ಪನಿಗೆ ದಾಟಿಸಿದೆ. “ಕೌದಿ ಅವ್ವಗ ಕೊಡು, ಹುಷಾರು!” ಎಂದು ಕೂಗಿ ಹೇಳಿದೆ. ಗಮನಿಸಬೇಕು: ಯಾರೂ ಕಸಿದುಕೊಳ್ಳಲಿಲ್ಲ. ಸ್ವಹಸ್ತದಿಂದ, ಸ್ವಸಂತೋಷದಿಂದ ನಾನೇ ಕೊಟ್ಟೆ.

ಮಸ್ಕತ್ತಿನಲ್ಲಿ ಇಳಿದಾಗ ಅಲ್ಲಿನ ಅಧಿಕಾರಿಯೊಬ್ಬರು ಬಾಕ್ಸಿನ ಮೂಲೆ ಎತ್ತಿ, ಬೊಗಸೆಯಲ್ಲಿ ಮಂಡಕ್ಕಿ ಹಿಡಿದು, ಇದೇನು ಎಂಬಂತೆ ಹುಬ್ಬೇರಿಸಿದರು. ಅವರ ಭಾಷೆ ನನಗೆ ಬರದು, ನನ್ನ ಭಾಷೆ ಅವರಿಗೆ ಬರದು. ನಾನು ಒಂದು ಮುಕ್ಕು ಬಾಯಿಗೆ ಹಾಕಿ ಅಗಿದು ತೋರಿಸಿದೆ. ಅವರೂ ಎರಡು ಕಾಳು ಬಾಯಿಗೆ ಹಾಕಿಕೊಂಡರು. ಉಪ್ಪಿಲ್ಲ ಎನ್ನುವ ಹಾಗೆ ತಲೆ ಆಡಿಸಿ ಬಿಟ್ಟುಕೊಟ್ಟರು.

ಮರುದಿನ ಆಸ್ಪತ್ರೆಯ ವಸತಿಗೃಹದ ಕೋಣೆಯಲ್ಲಿ ಬಾಕ್ಸು ಬಿಚ್ಚಿದೆ. ಆಶ್ಚರ್ಯ! ಒಂದು ಗೀರಿಲ್ಲ, ಒಂದು ಬಿರುಕಿಲ್ಲ. ದಪ್ಪ ಬೆನ್ನಿನ ಮಾನಿಟರಿನ ಗಾಜು ಹೊಳೆಯುತ್ತಿತ್ತು. ಕೊಟ್ಟೂರಿನ ಮಂಡಕ್ಕಿ ಸಮುದ್ರವನ್ನೇ ದಾಟಿಸಿ ಗೆದ್ದಿತ್ತು! ಪಕ್ಕದ ಕೋಣೆಗಳ ಇಬ್ಬರು ನರ್ಸಮ್ಮಂದಿರು ನೋಡಲು ಬಂದರು. ನಾನು ಎದೆಯುಬ್ಬಿಸಿ ಗುಂಡಿ ಒತ್ತಿದೆ. ಫ್ಯಾನು ತಿರುಗಿ, ಒಳಗೆ ಸೇರಿದ್ದ ಮಂಡಕ್ಕಿಯನ್ನು ಅಕ್ಷತೆಯ ಹಾಗೆ ನಮ್ಮ ಮೇಲೆ ಎರಚಿತು. ಅವರು ಚಪ್ಪಾಳೆ ತಟ್ಟಿದರು. ಪರದೆಯ ಮೇಲೆ ಬಿಳಿ ಅಕ್ಷರ ಮೂಡಿತು.

“ಏನಂತೈತ್ರಿ?” ಎಂದಳು ಶಶಿಕಲಾ.

“ಹಾರ್ಡ್ ಡಿಸ್ಕ್ ಇಲ್ಲ ಅಂತೈತಿ. ಇಲ್ಲದೇ ಏನು, ಅದನ್ನ ನಾನು ಭದ್ರವಾಗಿ…”

ಅಷ್ಟು ಹೇಳಿ ನಿಂತೆ. ಕೂತೆ ಎಂದರೂ ಸರಿ.

ಹೆಂಡತಿಗೆ ವಿಷಯ ಒಪ್ಪಿಸಲು ಐದು ನಿಮಿಷ ಹಿಡಿಯಿತು. ಅವಳು ನಕ್ಕಳು. ಎಷ್ಟು ನಕ್ಕಳೆಂದರೆ, ಪಕ್ಕದ ನರ್ಸಮ್ಮಂದಿರು ಭಾಷೆ ತಿಳಿಯದೆಯೂ ಕೂತು ನಕ್ಕರು. ಐದು ತಾಲೂಕಿನ ಬಳಗವನ್ನೆಲ್ಲ ಬಾಗಿಲಲ್ಲಿ ಬಿಟ್ಟು, ಬರೀ ತಗಡಿನ ಡಬ್ಬಿಯನ್ನು ಮಂಡಕ್ಕಿಯಲ್ಲಿ ಮಲಗಿಸಿ ಸಮುದ್ರ ದಾಟಿಸಿದ್ದೆ!

“ಇರ್ಲಿ ಬಿಡ್ರಿ, ಕೌದಿ ಮನ್ಯಾಗ ಐತಲ್ಲ. ಹಾಲಪ್ಪಣ್ಣಗ ಹೇಳಿದ್ರ ಯಾರಾರ ಹುಡುಗರ ಕೈಲಿ ಹೆಸರು ತೆಗಿಸಿ ಕಳಿಸ್ತಾರ,” ಎಂದು ಸಮಾಧಾನ ಹೇಳಿ ಅವಳೇ ಅವ್ವನಿಗೆ ಫೋನ್ ಹಚ್ಚಿದಳು.

“ಕೌದಿನಾ?” ಎಂದಳು ಅವ್ವ. “ವಿಮಾನ ನಿಲ್ಲೋ ಜಾಗದ ನೆಲಕ್ಕ ಬಿದ್ದಿತ್ತಂತಲ್ಲ, ಹಾಲಪ್ಪ ಹೇಳಿದ. ಇವತ್ತ ಮುಂಜಾನೆ ಹೊಲದ ಬೋರಿನ ತೊಟ್ಯಾಗ ನೆನಿಹಾಕಿ, ಸೋಡಾ ಹಾಕಿ, ಕಲ್ಲಿಗೆ ಬಡದು ಒಗದೀನಿ. ಒಂದು ಮೂಲ್ಯಾಗ ಏನೋ ಗಟ್ಟಿ ಹತ್ತಿತ್ತು. ಕೊಳಿ ಕೂತೈತಿ ಅಂತ ಅಲ್ಲಿ ನಾಕು ಏಟು ಜಾಸ್ತಿನ ಬಡದೆ.”

ನಾನು ಗೋಡೆಗೆ ಒರಗಿದೆ. ಶಶಿಕಲಾಳ ನಗುವೂ ಈಗ ನಿಂತಿತು. ಪುಷ್ಪಾಳ ಪತ್ರಿಕೆಗೆ ಏಳು ದಿನ ಉಳಿದಿತ್ತು. ವೀರಣ್ಣ ಮಾವ ಮತ್ತೆ ಪತ್ರಿಕೆ ಮಡಚಿ ಜೇಬಿನಲ್ಲಿಟ್ಟುಕೊಂಡು ಬಸ್ಸು ಹತ್ತುವುದು ಕಣ್ಣಿಗೆ ಕಟ್ಟಿತು.

“ಅವ್ವಾ,” ಎಂದೆ ಅಳುವ ದನಿಯಲ್ಲಿ, “ಅದ್ರಾಗ ಎಲ್ಲಾರ ಹೆಸರಿದ್ವು. ಹಾಲಪ್ಪನ ಮಗಳ ಪತ್ರಿಕಿ ಮಾಡಬೇಕಿತ್ತು.”

“ಯಾವ ಹೆಸರು?”

“ಹಾಲಪ್ಪನ ಬಳಗದ್ದು.”

“ಅಯ್ಯ, ಅಷ್ಟಕ್ಯಾಕ ಅಳ್ತೀಯೋ? ನಾ ಒಗದಿದ್ದು ನಾನ ಕೊಡ್ತೀನಿ, ತಗಾ. ಬರ್ಕೊ.”

ಅವ್ವ ಶುರು ಮಾಡಿದಳು. ಹಾಲಪ್ಪನ ಮುತ್ತಜ್ಜನಿಂದ ಹಿಡಿದಳು. ಅವನ ಮಕ್ಕಳು ನಾಲ್ವರು, ಅದರಲ್ಲಿ ಯಾರು ಲಿಂಗೈಕ್ಯ, ಯಾರ ಮನೆ ಗುಡೇಕೋಟೆಗೆ ಹೋಯಿತು, ಯಾರ ಮಗಳನ್ನು ಹಗರಿಬೊಮ್ಮನಹಳ್ಳಿಗೆ ಕೊಟ್ಟರು, ಆ ಅಳಿಯನ ಹೆಸರೇನು. ನಾನು ಕಾಗದ ಹುಡುಕುವಷ್ಟರಲ್ಲಿ ಶಶಿಕಲಾ ತನ್ನ ಮೊಬೈಲಿನಲ್ಲಿ ಟೈಪು ಮಾಡತೊಡಗಿದ್ದಳು. ಅವ್ವ ಹೇಳುತ್ತಲೇ ಇದ್ದಳು: “ವೀರಣ್ಣನ ಹೆಸರು ಮೊದಲು ಹಾಕ್ರಿ, ಅವರಪ್ಪನ ಹೆಸರಿಗಿ ಲಿಂಗೈಕ್ಯ ಅಂತ ಬರೀರಿ. ಅವನ ತಮ್ಮನ್ನ ಅವನ ಸಾಲಿನ್ಯಾಗ ಹಾಕಬ್ಯಾಡ್ರಿ, ಬದುವಿನ ಜಗಳ ಐತಿ. ನಡುವ ಇಬ್ಬರು ಬೀಗರನ್ನ ಕೂರಸ್ರಿ.” ಬೇಳೆ ಕುದಿಯುವಷ್ಟು ಹೊತ್ತಿನಲ್ಲಿ ಐವತ್ತೆರಡು ಹೆಸರು, ಒಂದರ ಮೇಲೆ ಒಂದರಂತೆ, ಎಡವದೆ, ನೀರು ಕುಡಿಯದೆ.

ಆಗ ನನಗೆ ಒಂದು ಸತ್ಯ ಹೊಳೆಯಿತು. ಹನ್ನೊಂದು ವರ್ಷ ನಾನು ಕಂಪ್ಯೂಟರಿಗೆ ಹೆಸರು ತುಂಬುತ್ತಿದ್ದಾಗ, ಪ್ರತಿ ಹೆಸರಿಗೂ ಅಂಗಡಿಯಿಂದ ಮನೆಗೆ ಫೋನ್ ಮಾಡಿ ಕೇಳುತ್ತಿದ್ದೆ. ಯಾರನ್ನು? ಬೇಳೆ ಆರಿಸುತ್ತಾ ಕೂತಿರುತ್ತಿದ್ದ ಇವಳನ್ನೇ!

ನಾಲ್ಕನೇ ದಿನ ಗಂಡಿನ ಕಡೆಯ ಪಟ್ಟಿ ಬಂತು. ಅದನ್ನೂ ಅವ್ವನಿಗೆ ಓದಿ ಹೇಳಿದೆವು. “ಅದ್ರಾಗ ಮೂರನೇದಾವ್ನು ದೊಡ್ಡಾವ, ಎರಡನೇದಾವ್ನು ಸಣ್ಣಾವ. ತಿದ್ದಿಸ್ರಿ,” ಎಂದಳು. ಹರಪನಹಳ್ಳಿಗೆ ಕೇಳಿದರೆ ಹೌದು, ಬರೆಯುವಾಗ ತಪ್ಪಿದೆ ಎಂದರು. ಶಶಿಕಲಾ ಡ್ಯೂಟಿಯ ನಡುವೆ ಚಹಾದ ಬಿಡುವಿನಲ್ಲಿ ಪತ್ರಿಕೆಗೆ ಹೂವಿನ ಅಂಚು ಕೂಡಿಸಿ, ಗಣಪತಿಯನ್ನು ಮೇಲೆ ಕೂರಿಸಿ, ಮೊಬೈಲಿನಿಂದಲೇ ಹಾಲಪ್ಪನಿಗೆ ಕಳಿಸಿದಳು. ಕುಂಕುಮದ ಬಣ್ಣ ಕುಂಕುಮದ ಹಾಗೆಯೇ ಇತ್ತು. ನಾನು ಅದನ್ನು ಮಾತ್ರ ಪರೀಕ್ಷಿಸಿ ಅನುಮತಿ ಕೊಟ್ಟೆ. ಯಾರೂ ಕೇಳಿರಲಿಲ್ಲ.

ಲಗ್ನ ಚೆನ್ನಾಗಿ ಆಯಿತು. ಹಾಲಪ್ಪ ವಿಡಿಯೋ ಕಳಿಸಿದ್ದ. ವೀರಣ್ಣ ಮಾವ ಹಂದರದಲ್ಲಿ ಪತ್ರಿಕೆಯನ್ನು ಮೇಲಿಂದ ಕೆಳಗೆ ಎರಡು ಸಲ ಓದಿದರು. ಆಮೇಲೆ ಕನ್ನಡಕ ತೆಗೆದು, ತಮ್ಮ ಹೆಸರಿನ ಮೇಲೆ ಬೆರಳಿಟ್ಟು ಪಕ್ಕದವರಿಗೆ ತೋರಿಸಿದರು. ಪುಷ್ಪಾಳ ತಲೆಯ ಮೇಲೆ ಎರಡೂ ಕೈಯಿಂದ ಅಕ್ಷತೆ ಹಾಕಿದರು. ಪಂಕ್ತಿಯಲ್ಲಿ ಕೂತು ಎರಡು ಸಲ ಹೋಳಿಗೆ ಹಾಕಿಸಿಕೊಂಡರು. ಮಸ್ಕತ್ತಿನ ಕೋಣೆಯಲ್ಲಿ ಅದನ್ನು ನೋಡಿ ನಾವಿಬ್ಬರೂ ಕಣ್ಣೊರೆಸಿಕೊಂಡೆವು. ಅಂದಿನ ರಾತ್ರಿಯ ಊಟಕ್ಕೆ ಉಳಿದಿದ್ದ ಮಂಡಕ್ಕಿಗೆ ಒಗ್ಗರಣೆ ಬಿತ್ತು.

ಕಳೆದ ವಾರ ಮಧ್ಯಾಹ್ನ ನಾನು ಪಲ್ಯಕ್ಕೆ ಬದನೆಕಾಯಿ ಹೆಚ್ಚುತ್ತಿದ್ದಾಗ ಹಡಗಲಿಯಿಂದ ಒಬ್ಬರ ಫೋನ್ ಬಂತು.

“ಕೊಟ್ರೇಶಣ್ಣಾರೇನ್ರಿ? ನಮ್ಮ ಮಗನ ಲಗ್ನ ಗಟ್ಟಿ ಆಗೈತ್ರಿ. ಪತ್ರಿಕಿ ಮಾಡಿಸಬೇಕಿತ್ತು.”

ನನ್ನ ಪ್ರಕಟಣೆ ಕೊನೆಗೂ ಫಲ ಕೊಟ್ಟಿತು! ಕೈ ಒರೆಸಿಕೊಂಡೆ, ಗಂಟಲು ಸರಿಮಾಡಿಕೊಂಡೆ, ಪೆನ್ನು ಹಿಡಿದು ಕುರ್ಚಿಯಲ್ಲಿ ನೆಟ್ಟಗೆ ಕೂತೆ.

“ಸಂತೋಷ ಆತ್ರಿ. ಹೇಳ್ರಿ, ಬರ್ಕೊಂತೀನಿ.”

“ಅಲ್ರಿ, ನಿಮಗ್ಯಾಕ ತ್ರಾಸು?” ಎಂದರು ಅವರು. “ನಿಮ್ಮ ಅವ್ವಾರ ನಂಬರ್ ಕೊಟ್ರ ಸಾಕು.”

ಕೊಟ್ಟೆ.